ತಾರಸಿಯ ಲೆಕ್ಕ

ವಾಸ್ತುಶಿಲ್ಪಿ: ಬೆಂಗಳೂರು ತನ್ನ ಕರೆಂಟಿನ ಬಹುಪಾಲನ್ನು ಯಾವತ್ತೂ ತಾನೇ ಮಾಡಿಕೊಂಡ ಊರಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನಗರದ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆಮೇಲೆ ಶರಾವತಿ ಬಂತು, ರಾಯಚೂರಿನ ಕಲ್ಲಿದ್ದಲು ಬಂತು, ಈಗ ಪಾವಗಡದ ಬಿಸಿಲು ಬರುತ್ತಿದೆ. ಎಲ್ಲವೂ ಹೊರಗಿನದೇ. ಇಂಥ ಊರಿನಲ್ಲಿ ‘ಸ್ಥಳೀಯ ಇಂಧನ’ ಅಂದರೆ ಏನು ಸಾರ್?

ಎಂಜಿನಿಯರ್: ಊರಿನ ಎಲ್ಲೆಯೊಳಗೆ ಸಿಗುವುದು, ತೀರಿಹೋಗದೆ ಮತ್ತೆ ಮತ್ತೆ ಸಿಗುವುದು. ಹಾಗೆ ಹುಡುಕಿದರೆ ಬಹಳವೇನೂ ಇಲ್ಲ. ತಾರಸಿಯ ಮೇಲಿನ ಬಿಸಿಲು, ಕಿಟಕಿಗೆ ಬರುವ ಗಾಳಿ, ಅಡುಗೆಮನೆಯ ಹಸಿ ಕಸ, ಸೂರಿನಿಂದ ಇಳಿಯುವ ಮಳೆನೀರು. ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಮನೆಸಾಲುಗಳ ನಡುವೆ ಸಿಗುವುದಿಲ್ಲ, ಅದು ಚಿತ್ರದುರ್ಗ, ಗದಗದ ಬಯಲಿನ ಸಂಪತ್ತು. ಹಸಿ ಕಸದಿಂದ ಅಡುಗೆ ಅನಿಲ ತೆಗೆಯಬಹುದು. ಹೋಟೆಲು, ಹಾಸ್ಟೆಲಿನಂಥ ದೊಡ್ಡ ಅಡುಗೆಮನೆಗೆ ಅದು ಹೊಂದುತ್ತದೆ, ಕಸದಲ್ಲಿ ಪ್ಲಾಸ್ಟಿಕ್ ಬೆರೆಸದೆ ಕೊಡುವ ಶಿಸ್ತು ಇದ್ದರೆ. ಮಿಕ್ಕಂತೆ ದೊಡ್ಡ ಬಾಬತ್ತು ಬಿಸಿಲೇ. ವರ್ಷದ ಸರಾಸರಿ ತೆಗೆದರೆ ತಾರಸಿಯ ಒಂದೊಂದು ಚದರ ಮೀಟರಿನ ಮೇಲೂ ದಿನಕ್ಕೆ ಐದು ಯೂನಿಟ್ಟಿನಷ್ಟು ಶಕ್ತಿ ಬೀಳುತ್ತದೆ.

ವಾಸ್ತುಶಿಲ್ಪಿ: ಹಾಗಾದರೆ ಪ್ಯಾನಲ್ಲಿನಿಂದಲೇ ಶುರು ಮಾಡಬಹುದು.

ಎಂಜಿನಿಯರ್: ಬೇಡ ಮೇಡಂ, ಬಚ್ಚಲುಮನೆಯಿಂದ ಶುರು ಮಾಡೋಣ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ಬೇಕು. ನಾಲ್ಕು ಜನರಿರುವ ಮನೆಗೆ ದಿನಕ್ಕೆ ಎರಡು ಯೂನಿಟ್ ಆಯಿತು. ಗೀಸರಿನಲ್ಲೇ ಆರಿಹೋಗುವ ಬಿಸಿಯನ್ನೂ ಸೇರಿಸಿದರೆ ಇನ್ನಷ್ಟು. ಮನೆಯ ಬಿಲ್ಲಿನಲ್ಲಿ ಇದು ದೊಡ್ಡದಾಗಿ ಕಾಣುವುದಿಲ್ಲ. ಆದರೆ ಊರಿನ ಜನವೆಲ್ಲ ಹೆಚ್ಚುಕಡಿಮೆ ಬೆಳಗಿನ ಆರರಿಂದ ಒಂಬತ್ತರೊಳಗೇ ಸ್ನಾನ ಮಾಡುತ್ತಾರೆ. ಒಂದು ಗೀಸರ್ ಎರಡು ಕಿಲೋವಾಟ್ ಎಳೆಯುತ್ತದೆ. ಒಂದು ಲಕ್ಷ ಗೀಸರು ಒಟ್ಟಿಗೆ ಹಾಕಿದರೆ 200 ಮೆಗಾವಾಟ್. ರಾಯಚೂರಿನ 210 ಮೆಗಾವಾಟಿನ ಒಂದು ಘಟಕ ಹೆಚ್ಚುಕಡಿಮೆ ಅಷ್ಟಕ್ಕೇ ಉರಿಯಬೇಕು.

ವಾಸ್ತುಶಿಲ್ಪಿ: ಆ ನೀರನ್ನು ಸೋಲಾರ್ ಹೀಟರ್ ಕಾಯಿಸಿಬಿಡುತ್ತದೆ.

ಎಂಜಿನಿಯರ್: ಅದೂ ಬಲು ಅಗ್ಗದಲ್ಲಿ. ತನ್ನ ಮೇಲೆ ಬಿದ್ದ ಬಿಸಿಲಿನ ಐದನೇ ಒಂದು ಭಾಗವನ್ನು ಪ್ಯಾನಲ್ ವಿದ್ಯುತ್ ಮಾಡುತ್ತದೆ. ಕರಿ ಬಳಿದ ತಗಡು, ಅದರ ಕೆಳಗೆ ತಾಮ್ರದ ಕೊಳವೆ, ಮೇಲೊಂದು ಗಾಜು ಇಷ್ಟೇ ಇರುವ ಹೀಟರು ಅರ್ಧದಷ್ಟನ್ನು ಬಿಸಿಯಾಗಿ ಹಿಡಿಯುತ್ತದೆ. ಪಂಪು ಬೇಡ. ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ನೂರು ಲೀಟರಿಗೆ ಎರಡು ಚದರ ಮೀಟರ್ ಜಾಗ ಸಾಕು. 2007ರಲ್ಲೇ ಕರ್ನಾಟಕದ ನಗರಗಳಲ್ಲಿ 1,200 ಚದರಡಿ ಮತ್ತು ಅದಕ್ಕೂ ದೊಡ್ಡ ನಿವೇಶನದಲ್ಲಿ ಕಟ್ಟುವ ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಾದರೆ ಸೋಲಾರ್ ಹೀಟರ್ ಇರಲೇಬೇಕು ಎಂಬ ನಿಯಮ ಬಂತು. ಹಾಕಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ಬೆಂಗಳೂರಿನ ಹೊಸ ಬಡಾವಣೆಗಳ ತಾರಸಿಗಳಲ್ಲಿ ಸಾಲು ಟ್ಯಾಂಕುಗಳು ಕಾಣುತ್ತವಲ್ಲ, ಅದರ ಹಿಂದೆ ಪರಿಸರದ ಕಾಳಜಿಗಿಂತ ಈ ನಿಯಮದ ಕೈವಾಡವೇ ಹೆಚ್ಚು.

ವಾಸ್ತುಶಿಲ್ಪಿ: ನಿಯಮಕ್ಕೆಂದು ಹಾಕಿಸಿ, ಉಪಯೋಗಿಸದೆ ಬಿಟ್ಟ ಹೀಟರುಗಳೂ ಉಂಟು. ಅದು ನಮ್ಮ ಕಸುಬಿನವರ ತಪ್ಪು. ತಾರಸಿಯ ಒಂದು ಮೂಲೆಯಲ್ಲಿ ಹೀಟರು, ನೆಲಮಹಡಿಯ ಇನ್ನೊಂದು ಮೂಲೆಯಲ್ಲಿ ಬಚ್ಚಲು. ನಡುವಿನ ಪೈಪಿಗೆ ಹೊದಿಕೆಯಿಲ್ಲ. ಬಿಸಿನೀರು ಬರುವ ಹೊತ್ತಿಗೆ ಒಂದು ಬಕೆಟ್ ತಣ್ಣೀರು ಮೋರಿಗೆ ಹೋಗಿರುತ್ತದೆ. ಎರಡು ಸಲ ಹಾಗಾದರೆ ಮನೆಯವರು ಗೀಸರ್ ಸ್ವಿಚ್ಚಿಗೆ ಕೈ ಹಾಕುತ್ತಾರೆ. ಬೋರ್‌ವೆಲ್ಲಿನ ಗಡಸು ನೀರಾದರೆ ಕೊಳವೆಯೊಳಗೆ ಸುಣ್ಣ ಕಟ್ಟಿಕೊಳ್ಳುತ್ತದೆ, ಅದನ್ನು ಆಗಾಗ ತೆಗೆಸಬೇಕು. ಬಚ್ಚಲುಮನೆಗಳನ್ನು ಒಂದರ ಮೇಲೊಂದು ಬರುವಂತೆ, ಹೀಟರಿನ ನೇರ ಕೆಳಗೆ ಇಟ್ಟು ನಕ್ಷೆ ಬರೆದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ಅದಕ್ಕೆ ಖರ್ಚೂ ಇಲ್ಲ.

ಎಂಜಿನಿಯರ್: ಈ ಬಗೆಯ ಯೋಚನೆಗೆ ಬೆಂಗಳೂರಿನಲ್ಲೇ ಒಂದು ಪರಂಪರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದ ಎ.ಕೆ.ಎನ್. ರೆಡ್ಡಿಯವರು ಎಂಬತ್ತರ ದಶಕದ ಕೊನೆಯಲ್ಲಿ ಸರ್ಕಾರದ ವಿದ್ಯುತ್ ಯೋಜನೆಗೆ ಎದುರಾಗಿ ಬೇರೆಯೇ ಲೆಕ್ಕ ಮುಂದಿಟ್ಟರು. ಸರ್ಕಾರದ ಲೆಕ್ಕ ಇಷ್ಟು ವರ್ಷಕ್ಕೆ ಇಷ್ಟು ಮೆಗಾವಾಟ್ ಬೇಕು ಎಂದು ಶುರುವಾಗುತ್ತಿತ್ತು. ರೆಡ್ಡಿಯವರು ಜನರಿಗೆ ಬೇಕಾದದ್ದು ಬೆಳಕು, ಬಿಸಿನೀರು, ಹೊಲಕ್ಕೆ ನೀರು ಎಂದು ಶುರು ಮಾಡಿದರು. ಸಾದಾ ಬಲ್ಬಿನ ಬದಲು ಮಿತವ್ಯಯದ ದೀಪ, ಗೀಸರಿನ ಬದಲು ಸೋಲಾರ್ ಹೀಟರ್, ಒಳ್ಳೆಯ ಪಂಪ್‌ಸೆಟ್ಟು, ಅಲ್ಲಲ್ಲೇ ಸಣ್ಣ ಉತ್ಪಾದನೆ, ಇಷ್ಟಾದರೆ ಕಟ್ಟಬೇಕಾದ ದೊಡ್ಡ ಸ್ಥಾವರಗಳ ಪಟ್ಟಿಯೇ ಗಿಡ್ಡವಾಗುತ್ತದೆ ಎಂದು ತೋರಿಸಿದರು. ಆಗ ಅದನ್ನು ಪಂಡಿತರ ಹಟ ಎಂದವರಿದ್ದರು. ಬಲ್ಬಿನ ವಿಷಯದಲ್ಲಂತೂ ದೇಶವೇ ಆಮೇಲೆ ಅದೇ ದಾರಿ ಹಿಡಿಯಿತು.

ವಾಸ್ತುಶಿಲ್ಪಿ: ಕಟ್ಟಡಕ್ಕೂ ಇದೇ ಪ್ರಶ್ನೆ ಹಾಕಬೇಕು. ಒಳಗಿರುವವರಿಗೆ ಬೇಕಾದದ್ದು ತಂಪು, ಏಸಿ ಅಲ್ಲ. ಹದಿಮೂರು ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಓಡಾಡುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಹೊತ್ತು ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಹೆಚ್ಚು ಬಿಸಿಲು ಕುಡಿಯುವುದು ತಾರಸಿ, ಆಮೇಲೆ ಪಡುವಣ ಗೋಡೆ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಸಾಕು. ಪಡುವಣದ ಕಿಟಕಿಗೆ ಸಜ್ಜಾ ಇದ್ದರೂ ಅಷ್ಟಕ್ಕಷ್ಟೆ, ಸಂಜೆಯ ಸೂರ್ಯ ಅದರ ಕೆಳಗಿಂದಲೇ ಒಳಗೆ ನುಗ್ಗುತ್ತಾನೆ. ಅಲ್ಲಿ ಮರ ಬೇಕು, ಜಾಲಿ ಬೇಕು, ಇಲ್ಲವೇ ಮೆಟ್ಟಿಲು, ಉಗ್ರಾಣ ಆ ಕಡೆಗೆ ಬರಬೇಕು. ಪಡುವಣಕ್ಕೆ ನೆಲದಿಂದ ಸೂರಿನವರೆಗೆ ಗಾಜು ಹಾಕಿ, ಒಳಗೆ ಪರದೆ ಎಳೆದು, ಹಗಲಲ್ಲೇ ದೀಪ ಹಚ್ಚಿ ಏಸಿ ಓಡಿಸುವ ಆಫೀಸುಗಳು ಹೊರವರ್ತುಲ ರಸ್ತೆಯ ಉದ್ದಕ್ಕೂ ಇವೆ. ಅವುಗಳ ತಾರಸಿಯಲ್ಲಿ ನಾಲ್ಕು ಪ್ಯಾನಲ್ ಇಟ್ಟ ಮಾತ್ರಕ್ಕೆ ಹಸಿರು ಕಟ್ಟಡ ಎನ್ನುವುದು ಹಾಸ್ಯ.

ಎಂಜಿನಿಯರ್: ಒಳ್ಳೆಯ ಮಾದರಿ ಊರಿನಲ್ಲಿ ಒಂದಾದರೂ ಇದೆಯೋ?

ವಾಸ್ತುಶಿಲ್ಪಿ: ದೊಮ್ಮಲೂರಿನಲ್ಲಿ ‘ಟೆರಿ’ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಟ್ಟಡ ನೋಡಬೇಕು ಸಾರ್, ಸಂಜಯ್ ಮೋಹೆ ಅವರ ವಿನ್ಯಾಸ. ನಿವೇಶನದ ದಕ್ಷಿಣಕ್ಕೆ ನಾರುವ ರಾಜಕಾಲುವೆ. ಗಾಳಿ ಬರುವುದೂ ಆ ಕಡೆಯಿಂದಲೇ. ಕಿಟಕಿ ತೆರೆದರೆ ವಾಸನೆ, ಮುಚ್ಚಿದರೆ ಸೆಕೆ. ಅವರು ದಕ್ಷಿಣಕ್ಕೆ ಕಿಟಕಿಯನ್ನೇ ಇಡದೆ ಎರಡು ಪದರದ ಗೋಡೆ ಎಬ್ಬಿಸಿ, ಹೊರಪದರವನ್ನು ಕಪ್ಪಾಗಿಸಿದರು. ಬಿಸಿಲಿಗೆ ಕಪ್ಪು ಗೋಡೆ ಕಾಯುತ್ತದೆ, ಪದರಗಳ ನಡುವಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಬೀಳುತ್ತದೆ, ಆ ಸೆಳೆತಕ್ಕೆ ಉತ್ತರದ ತೆರೆದ ಕಡೆಯಿಂದ ಹೊಸ ಗಾಳಿ ಕೋಣೆಗಳನ್ನು ಹಾದು ಬರುತ್ತದೆ. ಬಿಸಿಲು ಜೋರಾದಷ್ಟೂ ಗಾಳಿಯ ಎಳೆತ ಜೋರು. ಒಂದು ಯೂನಿಟ್ ಕರೆಂಟೂ ಮಾಡದೆ ಇದು ಬಿಸಿಲಿನಿಂದ ಕೆಲಸ ತೆಗೆಯುತ್ತದೆ. ಸ್ಥಳೀಯ ಇಂಧನದ ಲೆಕ್ಕದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ, ಯಾಕೆಂದರೆ ಇದಕ್ಕೆ ಮೀಟರಿಲ್ಲ.

ಎಂಜಿನಿಯರ್: ಕಾನೂನು ನಿಧಾನಕ್ಕೆ ಆ ಕಡೆ ಬರುತ್ತಿದೆ. 2018ರ ಇಕೋ ನಿವಾಸ್ ಸಂಹಿತೆಯಲ್ಲಿ ವಸತಿ ಕಟ್ಟಡದ ಗೋಡೆ ಮತ್ತು ಕಿಟಕಿಗಳಿಂದ ಒಳಬರುವ ಬಿಸಿಗೆ ಮಿತಿ ಹಾಕಿದ್ದಾರೆ, ಚದರ ಮೀಟರಿಗೆ 15 ವಾಟ್. ಕಾಗದದ ಮೇಲೆ ಚೆನ್ನಾಗಿದೆ. ನಕ್ಷೆ ಮಂಜೂರು ಮಾಡುವ ಮೇಜಿನ ಮೇಲೆ ಅದಕ್ಕೆ ಎಷ್ಟು ತೂಕ ಸಿಗುತ್ತದೆ ಅನ್ನುವುದೇ ಮುಖ್ಯ. ಈಗ ಪ್ಯಾನಲ್ಲಿಗೆ ಬರಬಹುದು. ಬೆಂಗಳೂರಿನಲ್ಲಿ ಒಂದು ಕಿಲೋವಾಟ್ ಪ್ಯಾನಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಬೇಸಿಗೆಯಲ್ಲಿ ಹೆಚ್ಚು, ಮಳೆಗಾಲದ ಮೋಡದಲ್ಲಿ ಕಡಿಮೆ. ನಡೆದಾಡಲು, ತೊಳೆಯಲು ಜಾಗ ಬಿಟ್ಟರೆ ಕಿಲೋವಾಟಿಗೆ ಸುಮಾರು ಹತ್ತು ಚದರ ಮೀಟರ್ ಬೇಕು. ದಕ್ಷಿಣಕ್ಕೆ ಹದಿಮೂರು ಡಿಗ್ರಿಯಷ್ಟು ವಾಲಿಸಿದರೆ ಸರಿ. ಉರಿಬಿಸಿಲಿದ್ದಷ್ಟೂ ಪ್ಯಾನಲ್ಲಿಗೆ ಒಳ್ಳೆಯದು ಅಂದುಕೊಳ್ಳುತ್ತಾರೆ, ಹಾಗಲ್ಲ. ಅದಕ್ಕೆ ಬೇಕಾದದ್ದು ಬೆಳಕು. 25 ಡಿಗ್ರಿ ದಾಟಿ ಕಾದರೆ ಪ್ರತಿ ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ರಾಯಚೂರಿಗಿಂತ ಬೆಂಗಳೂರಿನ ತಂಪು ಈ ವಿಷಯದಲ್ಲಿ ಅನುಕೂಲ.

ವಾಸ್ತುಶಿಲ್ಪಿ: ಪ್ಯಾನಲ್ಲಿನ ನೆರಳು ಬಿದ್ದ ತಾರಸಿಯ ಕೆಳಗಿನ ಕೋಣೆಯೂ ಅಷ್ಟು ತಂಪಾಗುತ್ತದೆ. ಆದರೆ ಪ್ಯಾನಲ್ಲಿನ ಮೇಲೆಯೇ ನೆರಳು ಬಿದ್ದರೆ?

ಎಂಜಿನಿಯರ್: ಆಗ ಕಷ್ಟ. ಪ್ಯಾನಲ್ಲುಗಳನ್ನು ಸಾಮಾನ್ಯವಾಗಿ ಒಂದರ ಹಿಂದೆ ಒಂದು ಸರಪಳಿಯಂತೆ ಜೋಡಿಸಿರುತ್ತಾರೆ. ಒಂದರ ಮೂಲೆಗೆ ಸಿಂಟೆಕ್ಸ್ ಟ್ಯಾಂಕಿನ ನೆರಳು ತಾಗಿದರೂ ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು. ಪ್ಯಾನಲ್ಲಿಗೊಂದು ಪುಟ್ಟ ಇನ್ವರ್ಟರ್ ಇಟ್ಟು ಇದನ್ನು ಸುಧಾರಿಸಬಹುದು, ಖರ್ಚು ಹೆಚ್ಚು. ಟ್ಯಾಂಕನ್ನು ಉತ್ತರದ ಅಂಚಿಗೆ ಸರಿಸುವುದು ಸುಲಭ. ಪಕ್ಕದ ಸೈಟಿನವರು ಇನ್ನೆರಡು ಮಹಡಿ ಏರಿಸಿದರೆ ಮಾತ್ರ ಮಾಡುವುದೇನೂ ಇಲ್ಲ, ಹಾಕಿಸುವ ಮೊದಲೇ ಅದನ್ನು ಊಹಿಸಿರಬೇಕು. ಧೂಳು ಇನ್ನೊಂದು ಬಾಧೆ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ, ಗಾಜು ಕಾಯುವ ಮೊದಲು ತೊಳೆಯಬೇಕು. ಬೋರ್‌ವೆಲ್ ನೀರು ಹಾಕಿ ಹಾಗೇ ಒಣಗಲು ಬಿಟ್ಟರೆ ಉಪ್ಪಿನ ಕಲೆ ಕೂರುತ್ತದೆ.

ವಾಸ್ತುಶಿಲ್ಪಿ: ಮನೆ ಕಟ್ಟಿಸುವವರು ಮೊದಲು ಕೇಳುವುದು ಇದನ್ನಲ್ಲ ಸಾರ್. ‘ಸೋಲಾರ್ ಹಾಕಿಸಿದರೆ ಕರೆಂಟು ಹೋದಾಗಲೂ ಫ್ಯಾನು ತಿರುಗುತ್ತದಲ್ಲವೇ?’ ಎನ್ನುತ್ತಾರೆ.

ಎಂಜಿನಿಯರ್: ತಿರುಗುವುದಿಲ್ಲ. ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರ್, ಕಂಬದಲ್ಲಿ ಕರೆಂಟು ಹೋದ ಕ್ಷಣ ತಾನೂ ನಿಲ್ಲಬೇಕು. ಇಲ್ಲದಿದ್ದರೆ ಫೀಡರ್ ಆಫ್ ಮಾಡಿಸಿ ಕಂಬ ಹತ್ತಿದ ಲೈನ್‌ಮನ್‌ಗೆ ಯಾರದೋ ತಾರಸಿಯ ಕರೆಂಟು ಹೊಡೆಯುತ್ತದೆ. ನೆಟ್ ಮೀಟರಿನ ಏರ್ಪಾಟಿನಲ್ಲಿ ಹಗಲು ಮಿಕ್ಕದ್ದನ್ನು ಗ್ರಿಡ್ಡಿಗೆ ಕೊಟ್ಟು, ರಾತ್ರಿ ಬೇಕಾದದ್ದನ್ನು ತೆಗೆದುಕೊಂಡು, ವ್ಯತ್ಯಾಸಕ್ಕೆ ಬಿಲ್ಲು ಕಟ್ಟುತ್ತಾರೆ. ಖರ್ಚಿನ ಲೆಕ್ಕ ಹೀಗಿದೆ: ಮೂರು ಕಿಲೋವಾಟಿಗೆ ಎರಡು ಲಕ್ಷದ ಆಸುಪಾಸು. 2024ರ ಫೆಬ್ರುವರಿಯಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ದಿನಕ್ಕೆ ಹನ್ನೆರಡು ಯೂನಿಟ್, ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಎಂದಿಟ್ಟುಕೊಂಡರೆ ಐದು ವರ್ಷಕ್ಕೆ ಅಸಲು ಬರುತ್ತದೆ. ಪ್ಯಾನಲ್ಲುಗಳು ಇಪ್ಪತ್ತೈದು ವರ್ಷ ಬಾಳುವಂಥವು.

ವಾಸ್ತುಶಿಲ್ಪಿ: ಇಷ್ಟು ಲಾಭದ್ದಾದರೆ ಇಷ್ಟರಲ್ಲಿ ಎಲ್ಲ ತಾರಸಿಯೂ ತುಂಬಿರಬೇಕಿತ್ತಲ್ಲ?

ಎಂಜಿನಿಯರ್: ಯಾರಿಗೆ ಲಾಭ ಎಂದು ನೋಡಬೇಕು. 2023ರ ಆಗಸ್ಟಿನಿಂದ ರಾಜ್ಯದ ಗೃಹಜ್ಯೋತಿ ಯೋಜನೆ ಬಂದಿದೆ. ಮನೆಯ ಬಳಕೆ ಹಿಂದಿನ ಸರಾಸರಿಗಿಂತ ತೀರಾ ಹೆಚ್ಚದೆ, 200 ಯೂನಿಟ್ಟಿನೊಳಗಿದ್ದರೆ ಬಿಲ್ಲು ಸೊನ್ನೆ. ಬಿಲ್ಲೇ ಸೊನ್ನೆಯಾದವರು ಸಾಲ ಮಾಡಿ ಪ್ಯಾನಲ್ ಹಾಕಿಸಿದರೆ ಉಳಿಯುವುದೇನು? ಬಡವರ ಮನೆಗೆ ಕರೆಂಟು ಪುಕ್ಕಟೆ ಕೊಡುವುದು ತಪ್ಪಲ್ಲ. ಆದರೆ ಕೇಂದ್ರದ ಯೋಜನೆ ಒಂದು ಕಡೆಗೆ, ರಾಜ್ಯದ ಯೋಜನೆ ಇನ್ನೊಂದು ಕಡೆಗೆ ಎಳೆಯುತ್ತಿರುವಾಗ ಮಧ್ಯಮ ವರ್ಗದ ತಾರಸಿ ಖಾಲಿಯೇ ಇರುತ್ತದೆ. ದರ ತೀರಾ ಹೆಚ್ಚಾದರೂ ಕಷ್ಟವೇ. 2013ರಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ತಾರಸಿಯ ಸೋಲಾರಿಗೆ ಯೂನಿಟ್ಟಿಗೆ 9.56 ರೂಪಾಯಿ, ಸಹಾಯಧನ ಪಡೆದವರಿಗಾದರೆ 7.20 ರೂಪಾಯಿ ನಿಗದಿ ಮಾಡಿತು. ಪ್ಯಾನಲ್ಲಿನ ಬೆಲೆ ಇಳಿಯುತ್ತಿದ್ದಂತೆ ಈ ದರದ ರುಚಿ ಹತ್ತಿ, ಪ್ಯಾನಲ್ ಇಡುವುದಕ್ಕೆಂದೇ ಶೆಡ್ಡು ಎಬ್ಬಿಸಿದವರೂ ಬಂದರು. ಕೊನೆಗೆ ದರವನ್ನೂ ಇಳಿಸಬೇಕಾಯಿತು, ನಿಯಮವನ್ನೂ ಬಿಗಿ ಮಾಡಬೇಕಾಯಿತು.

ವಾಸ್ತುಶಿಲ್ಪಿ: ಇನ್ನೊಂದು ಲೆಕ್ಕ ಬಾಕಿಯಿದೆ. 30x40 ಅಡಿಯ ಸೈಟಿನಲ್ಲಿ ಕಟ್ಟಿದ ಮನೆಗೆ ಸುಮಾರು 75 ಚದರ ಮೀಟರ್ ತಾರಸಿ. ಅರ್ಧ ಬಿಟ್ಟರೂ ಮೂರೂವರೆ ಕಿಲೋವಾಟ್, ದಿನಕ್ಕೆ ಹದಿನಾಲ್ಕು ಯೂನಿಟ್. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಇಬ್ಬರಿಗೂ ಸಾಲುತ್ತದೆ. ಈಗ ಇಪ್ಪತ್ತು ಮಹಡಿಯ ಗೋಪುರ ತೆಗೆದುಕೊಳ್ಳಿ. ಮಹಡಿಗೆ ನಾಲ್ಕರಂತೆ ಎಂಬತ್ತು ಫ್ಲಾಟು. ತಾರಸಿ 500 ಚದರ ಮೀಟರ್. ಲಿಫ್ಟಿನ ಕೋಣೆ, ಟ್ಯಾಂಕು, ಬೆಂಕಿ ನಂದಿಸುವವರು ಓಡಾಡುವ ಜಾಗ ಕಳೆದು ಅರ್ಧ ಸಿಕ್ಕರೆ ಇಪ್ಪತ್ತೈದು ಕಿಲೋವಾಟ್. ದಿನಕ್ಕೆ ನೂರು ಯೂನಿಟ್, ಫ್ಲಾಟಿಗೆ ಒಂದೂಕಾಲು! ಫ್ರಿಜ್ಜಿಗಷ್ಟೇ ಸರಿಹೋಗುತ್ತದೆ.

ಎಂಜಿನಿಯರ್: ಗೋಡೆಗೆ ಪ್ಯಾನಲ್ ಅಂಟಿಸಬಹುದು ಎನ್ನುತ್ತಾರೆ. ಯುರೋಪಿನಲ್ಲಿ ಸೂರ್ಯ ಕೆಳಗಿರುತ್ತಾನೆ, ಅಲ್ಲಿಗೆ ಅದು ಸರಿ. ಇಲ್ಲಿ ನೆತ್ತಿಯ ಮೇಲಿನ ಸೂರ್ಯ ಗೋಡೆಯನ್ನು ಸವರಿಕೊಂಡು ಹೋಗುತ್ತಾನೆ ಅಷ್ಟೆ. ಗೋಪುರದ ತಾರಸಿಯ ಕರೆಂಟನ್ನು ಲಿಫ್ಟು, ಪಂಪು, ಮೆಟ್ಟಿಲ ದೀಪ ಇಂಥ ಎಲ್ಲರ ಪಾಲಿನ ಖರ್ಚಿಗೆ ಹಾಕುವುದೇ ಜಾಣತನ. ಸೂರ್ಯ ಘರ್‌ನಲ್ಲಿ ವಸತಿ ಸಂಘಗಳ ಇಂಥ ಸಾಮಾನ್ಯ ಬಳಕೆಗೂ ಕಿಲೋವಾಟಿಗೆ 18,000 ರೂಪಾಯಿ ಇದೆ. ಹೆಚ್ಚು ಬೇಕಾದರೆ ಬೇರೆ ಕಡೆಯ ತಾರಸಿ ಹುಡುಕಬೇಕು. ಗೋದಾಮು, ಶಾಲೆ, ಬಸ್ ಡಿಪೋ, ಮಾರುಕಟ್ಟೆ, ಇವುಗಳ ಸೂರು ಅಗಲ, ಬಳಕೆ ಕಮ್ಮಿ. ಅಲ್ಲಿ ಬೆಳೆದ ಯೂನಿಟ್ಟನ್ನು ಫ್ಲಾಟಿನ ಬಿಲ್ಲಿನಲ್ಲಿ ಕಳೆಯುವ ಹಂಚಿಕೆಯ ನೆಟ್ ಮೀಟರಿಗೆ ದೆಹಲಿ 2019ರಲ್ಲೇ ದಾರಿ ಮಾಡಿಕೊಟ್ಟಿತು. ಊರಿನೊಳಗಿನ ತಾರಸಿಯಾದರೆ ತಂತಿಯೂ ಗಿಡ್ಡ, ಸಾಗಣೆಯ ನಷ್ಟವೂ ಕಡಿಮೆ.

ವಾಸ್ತುಶಿಲ್ಪಿ: ಹಾಗೆ ಮಾಡಿದರೂ ಇಡೀ ಬೆಂಗಳೂರು ತನ್ನ ತಾರಸಿಯಿಂದಲೇ ಬದುಕಲಾರದು ಎಂದಾಯಿತು.

ಎಂಜಿನಿಯರ್: ಬದುಕಲಾರದು. ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕು 13,000 ಎಕರೆ ಹಿಡಿದಿದೆ, ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ನಗರಕ್ಕೆ ಅಂಥದ್ದೂ ಬೇಕು. ಆದರೆ ತಾರಸಿಯಲ್ಲಿ ಬೆಳೆದ ಪ್ರತಿ ಯೂನಿಟ್ಟಿಗೂ ಅಲ್ಲಿ ಅಷ್ಟು ನೆಲ ಉಳಿಯುತ್ತದೆ. ಹೊಗೆಯ ಲೆಕ್ಕದಲ್ಲಿ ನೋಡಿದರೆ ದೇಶದ ಗ್ರಿಡ್ಡಿನ ಒಂದು ಯೂನಿಟ್ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ 30x40ರ ಮನೆ ವರ್ಷಕ್ಕೆ ಐದು ಸಾವಿರ ಯೂನಿಟ್ ಬೆಳೆದರೆ ಮೂರೂವರೆ ಟನ್ ತಪ್ಪಿತು.

ವಾಸ್ತುಶಿಲ್ಪಿ: ತಾರಸಿಯ ಮಳೆನೀರನ್ನೂ ಆಗಲೇ ಪಟ್ಟಿಗೆ ಸೇರಿಸಿದಿರಿ. ಅದು ಇಂಧನ ಹೇಗಾಯಿತು?

ಎಂಜಿನಿಯರ್: ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಏರಿ ಊರಿಗೆ ಬರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತಲು, ಪಂಪಿನ ನಷ್ಟವನ್ನೂ ಸೇರಿಸಿದರೆ, ಎರಡು ಯೂನಿಟ್ಟಿನಷ್ಟು ಬೇಕು. 75 ಚದರ ಮೀಟರ್ ತಾರಸಿಯಲ್ಲಿ ವರ್ಷಕ್ಕೆ ಐವತ್ತು ಸಾವಿರ ಲೀಟರ್ ಮಳೆನೀರು ಹಿಡಿಯಬಹುದು, ಅಂದರೆ ನೂರು ಯೂನಿಟ್ ಉಳಿತಾಯ. ಪ್ಯಾನಲ್ಲಿನ ಐದು ಸಾವಿರದ ಮುಂದೆ ಇದು ಸಣ್ಣದು. ಹಾಗಂತ ಬಿಡುವಂಥದ್ದಲ್ಲ, 2009ರಿಂದ ಮಳೆಕೊಯ್ಲು ಹೇಗೂ ಕಡ್ಡಾಯ.

ವಾಸ್ತುಶಿಲ್ಪಿ: ಇನ್ನು ಉಳಿದದ್ದು ರಾತ್ರಿ.

ಎಂಜಿನಿಯರ್: ಎಲ್ಲಕ್ಕಿಂತ ಗಂಟು ಅಲ್ಲೇ ಇದೆ. ಮಧ್ಯಾಹ್ನ ರಾಜ್ಯದಲ್ಲಿ ಸೋಲಾರ್ ಧಾರಾಳ. ಸಂಜೆ ಆರಕ್ಕೆ ಅದು ಇಳಿಯುವ ಹೊತ್ತಿಗೇ ದೀಪ, ಟೀವಿ, ಅಡುಗೆಮನೆ ಎಲ್ಲ ಎದ್ದೇಳುತ್ತವೆ. ಆ ಹೊತ್ತನ್ನು ಸಂಭಾಳಿಸುವುದರಲ್ಲಿ ಶರಾವತಿಯ 1,035 ಮೆಗಾವಾಟಿನ ಪಾಲು ದೊಡ್ಡದು. ಹಗಲು ಸೋಲಾರ್ ಬಂದಾಗ ಲಿಂಗನಮಕ್ಕಿಯ ನೀರನ್ನು ಹಿಡಿದಿಟ್ಟು ಸಂಜೆ ಬಿಡುತ್ತಾರೆ. ನೆಟ್ ಮೀಟರಿನವರು ಗ್ರಿಡ್ಡಿನಲ್ಲಿ ಜಮಾ ಮಾಡಿದೆವು ಅಂದುಕೊಳ್ಳುವ ಯೂನಿಟ್ಟಿನ ಒಂದು ಪಾಲು ನಿಜಕ್ಕೂ ಕೂತಿರುವುದು ಆ ಅಣೆಕಟ್ಟಿನಲ್ಲಿ. ಅದು ಸಾಲದೆಂದೇ ಗೇರುಸೊಪ್ಪೆಯಿಂದ ತಲಕಳಲೆಗೆ ನೀರನ್ನು ಮೇಲೆತ್ತಿ, ಬೇಕಾದಾಗ ಇಳಿಸಿ 2,000 ಮೆಗಾವಾಟ್ ತೆಗೆಯುವ ಯೋಜನೆ ಬಂದಿದೆ. ಅದು ಹಾದುಹೋಗುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಮಲೆನಾಡಿನವರು ವಿರೋಧಿಸುತ್ತಿರುವುದು ಸುಮ್ಮನೆ ಅಲ್ಲ.

ವಾಸ್ತುಶಿಲ್ಪಿ: ಬೆಂಗಳೂರಿನ ಸಂಜೆಗಾಗಿ ಮಲೆನಾಡಿನ ಕಾಡು ಹೋಗಬೇಕೇ? ಊರೊಳಗೇ ಏನೂ ಮಾಡಲಾಗದೇ?

ಎಂಜಿನಿಯರ್: ಸಂಜೆಯ ಕೆಲಸವನ್ನು ಹಗಲಿಗೆ ಎಳೆದುಕೊಳ್ಳಬಹುದು. ಆ ಎಂಬತ್ತು ಫ್ಲಾಟಿನ ಗೋಪುರಕ್ಕೆ ದಿನಕ್ಕೆ ನಲವತ್ತು ಸಾವಿರ ಲೀಟರನ್ನು ಸಂಪಿನಿಂದ ಅರವತ್ತು ಮೀಟರ್ ಮೇಲಕ್ಕೆ ಏರಿಸಲು ಹದಿನೈದು ಹದಿನಾರು ಯೂನಿಟ್ ಬೇಕು. ವಾಚ್‌ಮನ್ ಸಂಜೆ ಏಳಕ್ಕೆ ಹಾಕುವ ಮೋಟರನ್ನು ಟೈಮರ್ ಇಟ್ಟು ಮಧ್ಯಾಹ್ನ ಹನ್ನೆರಡಕ್ಕೆ ಓಡಿಸಿದರೆ ಆ ಹೊರೆ ಪೂರ್ತಿ ತಾರಸಿಯ ಬಿಸಿಲಿನದು. ಎಲೆಕ್ಟ್ರಿಕ್ ಸ್ಕೂಟರು, ಕಾರುಗಳನ್ನು ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕುವ ಬದಲು ಹಗಲು ಆಫೀಸಿನಲ್ಲಿ ಹಾಕುವ ವ್ಯವಸ್ಥೆಯಾದರೆ ಇನ್ನೂ ದೊಡ್ಡ ಹೊರೆ ಸರಿಯುತ್ತದೆ. ಅದಕ್ಕೆ ಹಗಲಿನ ದರ ಕಡಿಮೆ, ಸಂಜೆಯ ದರ ಹೆಚ್ಚು ಇರಬೇಕು, ಮನೆಬಳಕೆಗೆ ಸಾಮಾನ್ಯವಾಗಿ ದಿನವಿಡೀ ಒಂದೇ ದರ. ಇಷ್ಟೆಲ್ಲ ಆದ ಮೇಲೂ ದೀಪ, ಫ್ಯಾನು, ಒಲೆ, ಲಿಫ್ಟುಗಳು ಸಂಜೆಗೇ ಉಳಿಯುತ್ತವೆ. ಅದನ್ನು ಬಡಾವಣೆಯ ಸಬ್‌ಸ್ಟೇಷನ್ನಿನಲ್ಲಿ ಇಡುವ ಬ್ಯಾಟರಿಗಳು ಹೊರಬೇಕು. ಅವುಗಳ ಬೆಲೆ ಇಳಿಯುತ್ತಿದೆ. ಕಾಡಿನಲ್ಲಿ ಸುರಂಗ ಕೊರೆಯುವ ಮೊದಲು ಬ್ಯಾಟರಿ, ಸುರಂಗ ಎರಡರ ಖರ್ಚನ್ನೂ ಅಕ್ಕಪಕ್ಕ ಇಟ್ಟು ನೋಡಲೇಬೇಕು.